ಸಹಾಯ ಬೇಕು: ಬ್ರಿಟನ್ನಿನ ಗ್ರಾಜುಯೇಟ್ ವೀಸಾ ಮುಗಿದ ಮೇಲೆ ಮಗಳಿಗೆ ಯಾವ ದಾರಿ?

ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರ. ತೋಟವನ್ನು ಬ್ಯಾಂಕಿಗೆ ಅಡವಿಟ್ಟು ಓದಿಸಿದ ಮಗಳು ಬ್ರಿಟನ್ನಿನಲ್ಲಿ ಆಹಾರ ವಿಜ್ಞಾನದ ಎಂ.ಎಸ್‌ಸಿ. ಮುಗಿಸಿ, ಓದು ಮುಗಿಸಿದವರು ಅಲ್ಲೇ ಉಳಿದು ಕೆಲಸ ಮಾಡಲು ಕೊಡುವ ಎರಡು ವರ್ಷದ ಗ್ರಾಜುಯೇಟ್ ವೀಸಾದಲ್ಲಿ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾಳೆ. ವಿಸ್ತರಣೆಗೆ ಅವಕಾಶವೇ ಇಲ್ಲದ ಆ ವೀಸಾ ಬರುವ ಏಪ್ರಿಲ್‌ಗೆ ಮುಗಿಯುತ್ತದೆ.

ಒಂದು ದಾರಿ, ನುರಿತ ಕೆಲಸಗಾರರಿಗೆ ಕೊಡುವ ಸ್ಕಿಲ್ಡ್ ವರ್ಕರ್ ವೀಸಾ. ಅದು ಸಿಗಬೇಕಾದರೆ ಕೆಲಸ ಕೊಡುವವರ ಬಳಿ ಸ್ಪಾನ್ಸರ್ ಲೈಸೆನ್ಸ್, ಅಂದರೆ ಹೊರದೇಶದವರನ್ನು ಇಂಥ ವೀಸಾದಲ್ಲಿ ಕೆಲಸಕ್ಕಿಟ್ಟುಕೊಳ್ಳಲು ಅಲ್ಲಿನ ಸರ್ಕಾರ ಕೊಡುವ ಪರವಾನಗಿ, ಇರಬೇಕು. ಅವಳ ಮಾಲೀಕರ ಬಳಿ ಅದಿಲ್ಲ. 2025ರ ಜುಲೈನಿಂದ ಈ ವೀಸಾಕ್ಕೆ ಸಾಮಾನ್ಯವಾಗಿ ಬೇಕಾದ ಕನಿಷ್ಠ ಸಂಬಳ ವರ್ಷಕ್ಕೆ 41,700 ಪೌಂಡ್ ಆಗಿದ್ದರೂ, ಗ್ರಾಜುಯೇಟ್ ವೀಸಾದಿಂದ ಬದಲಾಯಿಸಿಕೊಳ್ಳುವವರಿಗೆ ಹೊಸಬರ ಲೆಕ್ಕದಲ್ಲಿ 33,400 ಪೌಂಡ್ ಅಥವಾ ಆ ಹುದ್ದೆಗೆ ಗೊತ್ತುಪಡಿಸಿದ ದರದ ಶೇ. 70, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟಿದ್ದರೆ ಸಾಕು. ಅವಳ ಸಂಬಳ ಅಲ್ಲಿಗೆ ಮುಟ್ಟುತ್ತದೆ, ಹಾಗಾಗಿ ಲೈಸೆನ್ಸ್ ಒಂದೇ ತೊಡಕು.

ಇನ್ನೊಂದು ದಾರಿ, 18ರಿಂದ 30 ವರ್ಷದ ಭಾರತೀಯ ಪದವೀಧರರಿಗಾಗಿ ಲಾಟರಿ ಎತ್ತುವ ಯಂಗ್ ಪ್ರೊಫೆಷನಲ್ಸ್ ಯೋಜನೆ. ಅದಕ್ಕೆ ಸ್ಪಾನ್ಸರ್ ಬೇಡ, ಆದರೆ ವೀಸಾ ಅರ್ಜಿಯನ್ನು ಬ್ರಿಟನ್ನಿನ ಹೊರಗಿನಿಂದಲೇ ಹಾಕಬೇಕು. ಅದೃಷ್ಟವನ್ನೇ ನಂಬಿ ಕೂರುವುದು ನನಗೆ ಸರಿಕಾಣದು.

ಸಣ್ಣ ಸಂಸ್ಥೆಯೊಂದನ್ನು ಲೈಸೆನ್ಸ್ ಪಡೆಯಲು ಒಪ್ಪಿಸಿದವರು ಇಲ್ಲಿದ್ದರೆ, ಮಾತನ್ನು ಯಾವಾಗ, ಹೇಗೆ ಎತ್ತಿದಿರಿ, ಖರ್ಚನ್ನು ಯಾರು ಹೊತ್ತರು ಎಂಬುದನ್ನು ದಯವಿಟ್ಟು ತಿಳಿಸಿ. ಹಣ ಕೊಟ್ಟರೆ ಸ್ಪಾನ್ಸರ್ ಪತ್ರ ಕೊಡಿಸುತ್ತೇವೆನ್ನುವ ಏಜೆಂಟರ ಸಹವಾಸ ನಮಗೆ ಬೇಡ.