ಓಡಿಹೋದ ಕುದುರೆಯನ್ನು ಔಟ್‌ರೈಡರ್‌ಗಳು ನೇರವಾಗಿ ಬೆನ್ನಟ್ಟುವುದಿಲ್ಲವೇಕೆ?

ಪ್ರಶ್ನೆ

ಅಮೆರಿಕದ ಪಿಮ್ಲಿಕೊದಲ್ಲಿ 2019ರ ಮೇ 18ರಂದು ನಡೆದ ಪ್ರೀಕ್ನೆಸ್ ಸ್ಟೇಕ್ಸ್ ರೇಸಿನ ವಿಡಿಯೊ ನೋಡಿದೆ. ಗೇಟು ತೆರೆದ ಕೂಡಲೇ ಬೋಡ್‌ಎಕ್ಸ್‌ಪ್ರೆಸ್ ಎಂಬ ಕುದುರೆ ಜಾಕಿ ಜಾನ್ ವೆಲಾಸ್ಕೆಜ್ ಅವರನ್ನು ಕೆಡವಿ, ಬರಿಯ ಜೀನು ಹೊತ್ತುಕೊಂಡು ಉಳಿದ ಕುದುರೆಗಳೊಂದಿಗೆ ರೇಸನ್ನು ಪೂರ್ತಿ ಓಡಿತು. ಮುಗಿದ ಮೇಲೂ ನಿಲ್ಲಲಿಲ್ಲ. ಔಟ್‌ರೈಡರ್ (ಓಡಿಹೋದ ಕುದುರೆಗಳನ್ನು ಹಿಡಿಯಲು ಟ್ರ್ಯಾಕಿನಲ್ಲಿ ಕುದುರೆಯೇರಿ ಕಾವಲಿರುವ ಸವಾರ) ಸಮೀಪಕ್ಕೆ ಬಂದರೂ ಕೈಗೆ ಸಿಗಲಿಲ್ಲ. ಕುದುರೆಯ ಮೇಲೆಯೇ ಇರುವ ಇವರು ಅದರ ಹಿಂದೆ ಬಿದ್ದು ಹಿಡಿಯಬಾರದೇಕೆ?

ಉತ್ತರ 1

ಬೆನ್ನಟ್ಟಿದರೆ ಕುದುರೆ ಇನ್ನೂ ಜೋರಾಗಿ ಓಡುತ್ತದೆ ಎಂಬುದೇ ಮುಖ್ಯ ಕಾರಣ. ಹಿಂದಿನಿಂದ ಗೊರಸಿನ ಸದ್ದು ಕೇಳಿದರೆ ಮುನ್ನುಗ್ಗುವುದು ಥರೋಬ್ರೆಡ್ ಎಂಬ ರೇಸ್ ತಳಿಯ ಕುದುರೆಗೆ ರಕ್ತಗತ. ಆದ್ದರಿಂದ ನುರಿತ ಔಟ್‌ರೈಡರ್‌ಗಳು ಅದು ಬರುವ ದಾರಿಯನ್ನು ಮೊದಲೇ ಅಂದಾಜು ಮಾಡಿ, ಅದಕ್ಕಿಂತ ಮುಂದೆ ಅದೇ ದಿಕ್ಕಿಗೆ ತಮ್ಮ ಕುದುರೆಯನ್ನು ಓಡಿಸತೊಡಗಿ, ಅದು ಪಕ್ಕಕ್ಕೆ ಬರುವ ಹೊತ್ತಿಗೆ ಎರಡರ ವೇಗವೂ ಸರಿಹೊಂದುವಂತೆ ನೋಡಿಕೊಳ್ಳುತ್ತಾರೆ. ನಾನು ಬೆಳಗಿನ ತಾಲೀಮಿನಲ್ಲಿ ಸವಾರಿ ಮಾಡುತ್ತಿದ್ದಾಗ ಇದನ್ನು ಹತ್ತು ಮಾರು ದೂರದಿಂದ ಕಂಡಿದ್ದೇನೆ: ಎರಡು ಕುದುರೆಗಳ ಪಕ್ಕೆಗಳ ನಡುವೆ ಕಾಲು ಸಿಕ್ಕಿಕೊಂಡಿದ್ದರೂ ಔಟ್‌ರೈಡರ್ ಒಬ್ಬಾಕೆ ಒಂದು ಕೈಯಲ್ಲಿ ತನ್ನ ಲಗಾಮು ಹಿಡಿದು, ಇನ್ನೊಂದು ಕೈಯನ್ನು ಕಡಿವಾಣದ ಬಳಿಗೆ ಚಾಚಿದಳು. ಲಗಾಮು ಸಿಕ್ಕಿದ ಮೇಲೂ ಜಗ್ಗಲಿಲ್ಲ. ಸುಮಾರು 500 ಕಿಲೋ ತೂಕದ, ಗಾಬರಿಗೊಂಡ ಪ್ರಾಣಿ ಒಮ್ಮೆಲೇ ನಿಂತರೆ ಮುಗ್ಗರಿಸುವುದು ಖಂಡಿತ. ಅದಕ್ಕೇ ದೂರದವರೆಗೆ ಜೊತೆಗೇ ಓಡಿ ವೇಗವನ್ನು ಇಳಿಸುತ್ತ ಬಂದಳು. ಇಷ್ಟು ತಾಳ್ಮೆ ಇಲ್ಲದವರಿಗೆ ಆ ಕೆಲಸ ಒಗ್ಗುವುದಿಲ್ಲ.

ಉತ್ತರ 2

ರೇಸಿಗೆ ಮುಂಚೆ ಒಂದೊಂದು ಕುದುರೆಯನ್ನು ಗೇಟಿನವರೆಗೆ ಜೊತೆಯಲ್ಲಿ ಕರೆದೊಯ್ಯುವ ಪೋನಿ ಸವಾರರನ್ನೂ ಅನೇಕರು ಔಟ್‌ರೈಡರ್ ಎಂದೇ ತಿಳಿಯುತ್ತಾರೆ. ಪೋನಿ ಸವಾರರ ಹೊಣೆ ಆ ಒಂದು ಕುದುರೆಯದು. ಔಟ್‌ರೈಡರ್ ರೇಸಿಗೆ ಮುಂಚಿನ ಕುದುರೆಗಳ ಮೆರವಣಿಗೆಯನ್ನು ಮುನ್ನಡೆಸಿ, ಇಡೀ ಟ್ರ್ಯಾಕಿನ ಮೇಲೆ ಕಣ್ಣಿಡುತ್ತಾರೆ. ಅವರು ಬಳಸುವ ವೆಸ್ಟರ್ನ್ ಜೀನಿನ ಮುಂಭಾಗದಲ್ಲಿ ಗಟ್ಟಿಯಾದ ಕೊಂಬು ಇರುವುದರಿಂದ, ಹಿಡಿದ ಕುದುರೆಯ ಹಗ್ಗವನ್ನು ಅದಕ್ಕೆ ಸುತ್ತಿ ಭಾರವನ್ನು ತಮ್ಮ ಕುದುರೆಯ ಮೇಲೆ ಹಾಕಬಹುದು.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಹಾಗಾದರೆ ಔಟ್‌ರೈಡರ್ ಏರುವ ಕುದುರೆಗೂ ವಿಶೇಷ ಗುಣ ಬೇಕಲ್ಲವೇ?

ಉತ್ತರ 3

ಖಂಡಿತ ಬೇಕು. ಥಟ್ಟನೆ ವೇಗ ಪಡೆಯುವ ಕ್ವಾರ್ಟರ್ ಹಾರ್ಸ್ ತಳಿಯ ಕುದುರೆಗಳನ್ನೂ ನಿವೃತ್ತ ಥರೋಬ್ರೆಡ್‌ಗಳನ್ನೂ ಬಳಸುತ್ತಾರೆ, ಆದರೆ ವೇಗಕ್ಕಿಂತ ಶಾಂತ ಸ್ವಭಾವ ದೊಡ್ಡದು. 2022ರ ಕೆಂಟಕಿ ಡರ್ಬಿ ರೇಸನ್ನು ನೆನೆಯಿರಿ. ಬಾಜಿಯಲ್ಲಿ 80ಕ್ಕೆ 1ರ ದರದಲ್ಲಿದ್ದ, ಅಂದರೆ ಗೆಲ್ಲುವ ನಿರೀಕ್ಷೆಯೇ ಇಲ್ಲದ, ರಿಚ್ ಸ್ಟ್ರೈಕ್ ಎಂಬ ಕುದುರೆ ಗೆದ್ದ ನಂತರ ಉದ್ರೇಕಗೊಂಡು, ಔಟ್‌ರೈಡರ್‌ನ ಕುದುರೆಯನ್ನು ಮತ್ತೆ ಮತ್ತೆ ಕಚ್ಚಿತು. ಅದನ್ನು ತಡೆಯಲು ಆ ಔಟ್‌ರೈಡರ್ ಕೈ ಎತ್ತಿದ್ದನ್ನು ಕಂಡು ಹಲವರು ಸಿಟ್ಟಾದರು; ಆದರೆ ಜಾಕಿ ಇನ್ನೂ ಮೇಲೆ ಕೂತಿದ್ದರು, ಹಿಡಿತ ಬಿಟ್ಟಿದ್ದರೆ ಅವರ ಪ್ರಾಣಕ್ಕೇ ಸಂಚಕಾರವಿತ್ತು. ಅಷ್ಟು ಕಚ್ಚಿಸಿಕೊಂಡರೂ ಔಟ್‌ರೈಡರ್‌ನ ಕುದುರೆ ಬೆದರಿ ಓಡದಿದ್ದುದೇ ನನ್ನ ಮಟ್ಟಿಗೆ ಅಂದಿನ ದೊಡ್ಡ ಸಂಗತಿ.

ಉತ್ತರ 1 ಬರೆದವರು

ಒಂದು ಮಾತು ಸೇರಿಸುತ್ತೇನೆ. ಟಿವಿಯಲ್ಲಿ ಕಾಣುವುದು ರೇಸಿನ ದಿನ ಮಾತ್ರ. ಹೆಚ್ಚಿನ ಅಪಾಯ ಬೆಳಗಿನ ತಾಲೀಮಿನಲ್ಲಿದೆ. ಆಗ ವೇಗದ ಕುದುರೆಗಳು ಒಳಬೇಲಿಯ ಪಕ್ಕದಲ್ಲಿ ಓಡುತ್ತಿದ್ದರೆ, ನಿಧಾನದವು ಹೊರಬೇಲಿಯ ಪಕ್ಕ ಎದುರು ದಿಕ್ಕಿನಲ್ಲಿ ಬರುತ್ತಿರುತ್ತವೆ. ಸವಾರನನ್ನು ಕೆಡವಿದ ಕುದುರೆ ಲಾಯದ ಕಡೆಗೆ ತಿರುಗಿ ಒಳಸಾಲಿನಲ್ಲೇ ಎದುರಾಗಿ ನುಗ್ಗಿತೆಂದರೆ, ಎಚ್ಚರಿಕೆಯ ಸೈರನ್ ಕೇಳಿದೊಡನೆ ಎಲ್ಲರ ಕಣ್ಣೂ ಹುಡುಕುವುದು ಔಟ್‌ರೈಡರ್ ಎಲ್ಲಿದ್ದಾರೆ ಎಂಬುದನ್ನೇ.