ಹಾರ್ನ್‌ಬುಕ್‌ಗೆ ‘ಕೊಂಬಿನ ಪುಸ್ತಕ’ ಎನ್ನಬಹುದೇ?

ಪ್ರಶ್ನೆ: ಇಂಗ್ಲೆಂಡಿನ ಮಕ್ಕಳ ಸಾಹಿತ್ಯದ ಆರಂಭಕಾಲದ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಾರ್ನ್‌ಬುಕ್, ಬ್ಯಾಟಲ್‌ಡೋರ್, ಚಾಪ್‌ಬುಕ್ ಎಂಬ ಮೂರು ಪದ ಪದೇ ಪದೇ ಬರುತ್ತವೆ. ಮೊದಲನೆಯದಕ್ಕೆ ‘ಕೊಂಬಿನ ಪುಸ್ತಕ’ ಸರಿಯೇ? ಮೂರಕ್ಕೂ ‘ಬಾಲಬೋಧೆ’ ಎಂದರೆ ನಡೆದೀತೇ? ತಿಳಿದವರು ಹೇಳಬೇಕು.

ಉತ್ತರ 1: ‘ಕೊಂಬಿನ ಪುಸ್ತಕ’ ಬೇಡ. ಅದು ಪುಸ್ತಕವೂ ಅಲ್ಲ, ಕೊಂಬಿನಿಂದ ಮಾಡಿದ್ದೂ ಅಲ್ಲ. ಹಿಡಿಯಿರುವ ಪುಟ್ಟ ಮರದ ಹಲಗೆ. ಅದರ ಮೇಲೆ ಒಂದೇ ಒಂದು ಹಾಳೆ. ಹಾಳೆ ಕೊಳೆಯಾಗದಂತೆ, ಹರಿಯದಂತೆ ಮೇಲೊಂದು ಪಾರದರ್ಶಕ ಕೊಂಬಿನ ಪದರ. ಅಂಚಿಗೆ ಹಿತ್ತಾಳೆ ಪಟ್ಟಿ, ಸಣ್ಣ ಮೊಳೆ. ಹಿಡಿಯಲ್ಲಿ ತೂತು, ಸೊಂಟಕ್ಕೆ ಕಟ್ಟಿಕೊಳ್ಳಲು. ಕೊಂಬನ್ನು ನೀರಲ್ಲಿ ನೆನೆಹಾಕಿ ಒಳಮೂಳೆ ತೆಗೆದು, ಕಾಯಿಸಿ ಸೀಳಿ, ಚಪ್ಪಟೆಯಾಗಿ ಒತ್ತಿ, ತೆಳ್ಳಗೆ ಹೆರೆದು ಉಜ್ಜುತ್ತಿದ್ದರು. ಪದರ ದಪ್ಪವಾದರೆ ಅಕ್ಷರ ಮಂಕು.

ಹಾಳೆಯ ಮೊದಲ ಸಾಲಿನ ಆರಂಭದಲ್ಲಿ ಒಂದು ಶಿಲುಬೆ. ಅದರಿಂದಾಗಿ ಅಕ್ಷರಮಾಲೆಗೇ ‘ಕ್ರಿಸ್‌ಕ್ರಾಸ್ ರೋ’ (ಕ್ರಿಸ್ತನ ಶಿಲುಬೆಯ ಸಾಲು) ಎಂಬ ಹೆಸರು ಬಿತ್ತು. ಲೇಖನದಲ್ಲಿ ಆ ಮಾತು ಬಂದರೆ ನಮ್ಮ ‘ಓನಾಮ’ ಹತ್ತಿರದ್ದು. ಅದೂ ದೇವರ ಹೆಸರಿನಿಂದ ಹುಟ್ಟಿದ್ದೇ. ಆಮೇಲೆ ಸ್ವರಗಳು, ‘ಬ ಬೆ ಬಿ ಬೊ ಬು’ ಎಂಬಂಥ ಸಾಲುಗಳು (ಇದನ್ನು ಧೈರ್ಯವಾಗಿ ಕಾಗುಣಿತ ಎನ್ನಿ), ಕೊನೆಗೆ ಕ್ರೈಸ್ತರ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆ. ನನ್ನ ಮತ ‘ಅಕ್ಷರಹಲಗೆ’ಗೆ, ಮೊದಲ ಬಾರಿ ಬಳಸುವಾಗ ‘ಕೊಂಬಿನ ಹೊದಿಕೆಯ ಅಕ್ಷರಹಲಗೆ’ ಎಂದು ಬಿಡಿಸಿ ಹೇಳಿ. ಬರೀ ‘ಹಲಗೆ’ ಎಂದರೆ ಓದುಗರು ಬಳಪದಲ್ಲಿ ಬರೆಯುವ ಸ್ಲೇಟು ಎಂದುಕೊಳ್ಳುತ್ತಾರೆ. ಇದು ಓದುವುದಕ್ಕೆ ಮಾತ್ರ.

ಬ್ಯಾಟಲ್‌ಡೋರ್ ಎಂದರೆ ಮೂಲತಃ ಗರಿಚೆಂಡು ಹೊಡೆಯುವ ಬ್ಯಾಟು. ಮಕ್ಕಳು ಅಕ್ಷರಹಲಗೆಯನ್ನೇ ಬ್ಯಾಟು ಮಾಡಿಕೊಂಡದ್ದರಿಂದ ಆ ಹೆಸರು ಕಲಿಕೆಗೂ ಅಂಟಿತು. 1746ರ ಸುಮಾರಿಗೆ ಸಾಲ್ಸ್‌ಬರಿಯ ಬೆಂಜಮಿನ್ ಕಾಲಿನ್ಸ್ ಹೊರತಂದದ್ದರಲ್ಲಿ ಮರವೂ ಇಲ್ಲ, ಕೊಂಬೂ ಇಲ್ಲ. ಮಡಚುವ ರಟ್ಟು, ಅಕ್ಷರ, ಚಿತ್ರ. ‘ಮಡಿಕೆ ಅಕ್ಷರರಟ್ಟು’ ಎನ್ನಬಹುದು.

ಉತ್ತರ 2: ಚಾಪ್‌ಬುಕ್‌ಗೆ ‘ಬಾಲಬೋಧೆ’ ಖಂಡಿತ ತಪ್ಪು. ಒಂದು ಹಾಳೆಯ ಎರಡೂ ಬದಿ ಅಚ್ಚುಹಾಕಿ 8, 12, 16 ಅಥವಾ 24 ಪುಟವಾಗುವಂತೆ ಮಡಚಿ, ಊರೂರು ಸುತ್ತುವವರು ಮಾರುತ್ತಿದ್ದ ಸರಕು ಅದು. ‘ಚಾಪ್’ ಇಲ್ಲಿ ವ್ಯಾಪಾರಕ್ಕೆ ಸಂಬಂಧಿಸಿದ ಹಳೆಯ ಶಬ್ದ. ಛಾಪಖಾನೆಯ ‘ಛಾಪು’ ಅಲ್ಲ. ಲಾವಣಿ, ಭವಿಷ್ಯ, ರಾಕ್ಷಸರ ಕಥೆ ಎಲ್ಲವೂ ಅದರಲ್ಲಿ. ದೊಡ್ಡವರಿಗೆಂದು ಅಚ್ಚಾದದ್ದನ್ನು ಮಕ್ಕಳೂ ಓದಿದರು, ಅಷ್ಟೆ. ‘ತಿರುಗುಮಾರಾಟದ ಕಿರುಹೊತ್ತಗೆ’ ಉದ್ದವಾಯಿತು ಎನಿಸಿದರೆ ‘ಚಾಪ್‌ಬುಕ್’ ಎಂದೇ ಇಟ್ಟು ಒಮ್ಮೆ ವಿವರಿಸಿ.

‘ಮಕ್ಕಳ ಪುಸ್ತಕ’ ಎಂಬ ಮಾತನ್ನು ಲಂಡನ್ನಿನ ಪ್ರಕಾಶಕ ಜಾನ್ ನ್ಯೂಬೆರಿಯಂಥವರು ಮಕ್ಕಳಿಗೆಂದೇ ಹೊರತಂದ ಪ್ರಕಟಣೆಗಳಿಗೆ ಮೀಸಲಿಡಿ. 1744ರ ಅವನ ಕಿಸೆಪುಸ್ತಕದ ಬೆಲೆ 6 ಪೆನ್ಸ್. ಹುಡುಗರಿಗೆ ಚೆಂಡು ಅಥವಾ ಹುಡುಗಿಯರಿಗೆ ಗುಂಡುಸೂಜಿ ಚುಚ್ಚಿಡುವ ಮೆತ್ತೆ ಸೇರಿದರೆ 8.