ಪದಚರ್ಚೆ: ಮೂಕಿಚಿತ್ರ ಕಾಲದ ‘ಕಟರ್’ ಹೆಂಗಸರಿಗೆ ಕನ್ನಡದಲ್ಲಿ ಏನೆನ್ನೋಣ?

ನಾಳೆ ಸಂಜೆಯೊಳಗೆ ಪ್ರದರ್ಶನದ ಫಲಕಗಳು ಅಚ್ಚಿಗೆ ಹೋಗಬೇಕು. ಮಾರ್ಗರೆಟ್ ಬೂತ್ 1915ರಲ್ಲಿ ಅಮೆರಿಕದ ಚಿತ್ರನಿರ್ದೇಶಕ ಗ್ರಿಫಿತ್ ಬಳಿ ಫಿಲ್ಮ್ ಅಂಟಿಸುವ ‘ಜಾಯ್ನರ್’ ಆಗಿ ಸೇರಿದರು, ಆಮೇಲೆ ‘ಕಟರ್’, ಮುಂದೆ ಎಂಜಿಎಂ ಎಂಬ ಹಾಲಿವುಡ್ ಸ್ಟುಡಿಯೋದಲ್ಲಿ ‘ಎಡಿಟರ್’. ಮೂರಕ್ಕೂ ‘ಸಂಕಲನಕಾರ್ತಿ’ ಎಂದರೆ ಫಲಕದ ತಿರುಳೇ ಹೋಯಿತು. ಒಂದೊಂದಕ್ಕೂ ಒಂದೇ ಪದವಿರಲಿ, ಎರಡಾದರೆ ಸಾಲು ಒಡೆಯುತ್ತದೆ.

> ‘ಸಂಕಲನಕಾರ್ತಿ’

ಸಂಸ್ಕೃತದ ಮೈಗೆ ಕನ್ನಡದ ಬಾಲ. ಅಚ್ಚಗನ್ನಡದ ‘ಕತ್ತರಿಗಾರ್ತಿ’ ಇರುವಾಗ ಈ ಬೆರಕೆ ಯಾಕೆ?

> ಅಚ್ಚಗನ್ನಡದ

‘ಕರ್ತರಿ’ಯ ತದ್ಭವ ಸ್ವಾಮಿ ಅದು. ‘ಕಾದಂಬರಿಕಾರ್ತಿ’ ನುಂಗಿದವರಿಗೆ ಇದೊಂದು ಗಂಟಲಲ್ಲಿ ಸಿಕ್ಕಿತೇ?

> ತದ್ಭವ

‘ಕತ್ತಿ’ ತಮಿಳಲ್ಲೂ ಇದೆ. ಅದೂ ತದ್ಭವವೋ?

ವ್ಯುತ್ಪತ್ತಿ ಬಿಡಿ, ‘ಕತ್ತರಿ ಪ್ರಯೋಗ’ ಎಂದೊಡನೆ ಓದುಗರಿಗೆ ನೆನಪಾಗುವುದು ಸೆನ್ಸಾರ್. ಆ ಪದ ಅಲ್ಲಿಗೇ ಬಿತ್ತು.

ಕೆಲಸ ನೋಡಿ ಪದ ಕೊಡಿ. 35 ಎಂ.ಎಂ. ಫಿಲ್ಮಿನ ಒಂದಡಿಗೆ 16 ಚೌಕಟ್ಟು (ಬಿಡಿ ಚಿತ್ರ), ಚೌಕಟ್ಟಿನ ಎರಡೂ ಅಂಚಿಗೆ ನಾಲ್ಕು ನಾಲ್ಕು ತೂತು. ಜಾಯ್ನರ್ ಆದವಳು ಒಂದು ತುದಿಯ ಎಮಲ್ಷನ್ (ಚಿತ್ರ ಮೂಡುವ ಲೇಪ) ಕೆರೆದು, ಸಿಮೆಂಟ್ ಎಂಬ ಫಿಲ್ಮಿನ ಅಂಟು ಸವರಿ, ತೂತಿಗೆ ತೂತು ಕೂರಿಸಿ ಒತ್ತಿ ಹಿಡಿಯಬೇಕು. ಲೇಪ ಉಳಿದರೆ ಅಂಟು ಕಚ್ಚದು, ಹೆಚ್ಚು ಕೆರೆದರೆ ಅಲ್ಲೇ ಹರಿಯುತ್ತದೆ, ತೂತು ತಪ್ಪಿದರೆ ತೆರೆಯ ಮೇಲೆ ಚಿತ್ರ ಎಗರುತ್ತದೆ. ‘ಬೆಸುಗೆ’ ಎನ್ನಬೇಡಿ, ಇಲ್ಲಿ ಕಾಯಿಸುವುದೇ ಇಲ್ಲ. ‘ಜೋಡಣೆಗಾರ್ತಿ’ ಸಾಕು.

ಕಟರ್ ಕೆಲಸ ಬೇರೆ. ಅಂಚಿನಲ್ಲಿ ಸಂಖ್ಯೆಗಳಿಲ್ಲದ ಕಾಲ, ಪಾಸಿಟಿವ್‌ಗೆ (ನೋಡಲು ತೆಗೆದ ಪ್ರತಿಗೆ) ನೆಗೆಟಿವ್ (ಕ್ಯಾಮೆರಾದ ಮೂಲ ಫಿಲ್ಮ್) ತಾಳೆ ನೋಡುವುದು ಬರಿಗಣ್ಣಿನಲ್ಲಿ. ಮುಖಭಾವ ಬದಲಾಗದ ಶಾಟ್ ಆದರೆ ಸುರುಳಿಯುದ್ದಕ್ಕೂ ಚೌಕಟ್ಟುಗಳೆಲ್ಲ ಒಂದೇ ಥರ ಕಾಣುತ್ತವೆ. ತಪ್ಪು ಜಾಗದಲ್ಲಿ ಕತ್ತರಿಸಿದ ನೆಗೆಟಿವ್ ಮತ್ತೆ ಅಂಟಿಸಲು ಹೋದರೆ ಒಂದು ಚೌಕಟ್ಟಾದರೂ ಬಲಿ. ಇದಕ್ಕೆ ‘ಕಟರ್’ ಎಂದೇ ಇರಲಿ, ಅಂದು ಆಡುತ್ತಿದ್ದ ಮಾತೇ ಅದು. ‘ಎಡಿಟರ್’ಗೆ ಸಂಕಲನಕಾರ್ತಿ. ‘ಸಂಪಾದಕಿ’ ಎಂದರೆ ಪತ್ರಿಕೆಯವರಾಗುತ್ತಾರೆ.

> ‘ಕಟರ್’ ಎಂದೇ ಇರಲಿ

ಕೈಚೆಲ್ಲಿದಿರಿ ಅನ್ನಿ! ಟೈಲ್ಸ್ ಕೊಯ್ಯುವ ಯಂತ್ರಕ್ಕೂ ಅದೇ ಹೆಸರು.

ಬಸ್ಸು, ಕಾಫಿ, ಫಿಲ್ಮು ದಕ್ಕಿಸಿಕೊಂಡ ಕನ್ನಡಕ್ಕೆ ಕಟರ್ ಅಜೀರ್ಣವಾಗದು. ಗಣಿತದಲ್ಲಿ ಸಂಕಲನ ಎಂದರೆ ಕೂಡುವುದು, ಕಟರ್ ಮಾಡುವುದು ವ್ಯವಕಲನ. ‘ವ್ಯವಕಲನಕಾರ್ತಿ’ ಎನ್ನೋಣವೇ?

ಎಲ್ಲರಿಗೂ ನಮಸ್ಕಾರ. ಜೋಡಣೆಗಾರ್ತಿ, ಕಟರ್, ಸಂಕಲನಕಾರ್ತಿ ಹಾಕುತ್ತಿದ್ದೇನೆ. ಇನ್ನೊಂದು ಫಲಕ ಎಲಿಜವೆಟಾ ಸ್ವಿಲೋವಾ ಅವರದು. 1929ರ ಸೋವಿಯತ್ ಮೂಕಿಚಿತ್ರದಲ್ಲಿ, ಅದನ್ನು ಸಂಕಲಿಸಿದ ಅವರೇ ಫಿಲ್ಮ್ ಕತ್ತರಿಸುತ್ತ ಕಾಣುತ್ತಾರೆ. ರಷ್ಯನ್ನರು ಸಂಕಲನವನ್ನು ‘ಮೊಂಟಾಜ್’ ಎನ್ನುತ್ತಾರೆ, ಅದಕ್ಕೇನು ಮಾಡಲಿ?

> ‘ಮೊಂಟಾಜ್’

ಫ್ರೆಂಚಿನಿಂದ ಎರವಲು. ಅವರಿಗೂ ನಮ್ಮದೇ ರೋಗ.